ಹಂಪಿ ಬಜಾರೂ ಹೊಟ್ಟೆಯ ದಿನಚರಿಯೂ

ಹೊಸಪೇಟೆಯಿಂದ ಹಂಪಿಗೆ ಸುಮಾರು 13 ಕಿಲೋಮೀಟರುಗಳ ದಾರಿ. ವಿರೂಪಾಕ್ಷ ದೇವಾಲಯದ ಮಹಾಗೋಪುರದ ಮುಂದೆ ನಿಂತು ಮೂಡಣಕ್ಕೆ ನೋಡಿದರೆ, ಇಕ್ಕೆಲಗಳಲ್ಲಿಯೂ ಕಲ್ಲುಮಂಟಪಗಳ ಸಾಲುಳ್ಳ ಅಗಲವಾದ ಬೀದಿಯೊಂದು ಮಾತಂಗ ಪರ್ವತದ ಕಡೆಗೆ ಸಾಗಿ ಎದುರು ಬಸವಣ್ಣನ ಬಳಿ ಮುಗಿಯುತ್ತದೆ. ಇದೇ ಹಂಪಿ ಬಜಾರು. ಈ ಮಂಟಪಗಳಲ್ಲಿ ಅಂಗಡಿಗಳೂ ಸಂಸಾರಗಳೂ ಇದ್ದವು. 2011ರ ಜುಲೈ ತಿಂಗಳಲ್ಲಿ ಅವುಗಳನ್ನು ತೆರವು ಮಾಡಿಸಿದರು.

ವಿಜಯನಗರದ ಪೇಟೆಗಳಲ್ಲಿ ಏನೇನು ಮಾರುತ್ತಿದ್ದರೆಂಬುದನ್ನು ಬರಿಯ ಕಂಬಗಳು ಹೇಳಲಾರವು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಮುತ್ತು, ಮಾಣಿಕ್ಯ, ವಜ್ರಗಳನ್ನೂ ಅಕ್ಕಿ, ಗೋಧಿ, ಹೆಸರು, ಹುರುಳಿಗಳನ್ನೂ ಕಂಡು ಬರೆದಿಟ್ಟನು. ಆದುದರಿಂದಲೇ ನಾವು ಬಲ್ಲೆವು. ಬರೆದಿಟ್ಟುದು ಉಳಿಯುತ್ತದೆ, ನೆನಪಿಗೆ ಬಿಟ್ಟುದು ಅಳಿಯುತ್ತದೆ. ಹೊಟ್ಟೆಯ ಬೇನೆಯ ವಿಷಯದಲ್ಲಿಯೂ ಈ ಮಾತು ನಿಜವೆಂಬುದು ನಮಗೆ ಈ ಯಾತ್ರೆಯಲ್ಲಿ ಮನವರಿಕೆಯಾಯಿತು.

ನಮ್ಮ ಸಂಗಡ ಬಂದಿದ್ದ ಅತ್ತಿಗೆಯವರು ಮೂರು ವರ್ಷಗಳಿಂದ ಊರು ಬಿಟ್ಟವರಲ್ಲ. ಹೊಟ್ಟೆನುಲಿತ, ಉಬ್ಬರ, ಒಂದು ದಿನ ಭೇದಿ, ಮತ್ತೆರಡು ದಿನ ಮಲಬದ್ಧತೆ. ದಾರಿಯಲ್ಲಿ ಅವಸರವಾದರೆ ಗತಿಯೇನೆಂಬ ಭಯದಿಂದ ತವರಿನ ಮದುವೆಗೂ ಹೋಗಲಿಲ್ಲ. ವೈದ್ಯರು ಪರೀಕ್ಷಿಸಿ, ಇದು ಐ.ಬಿ.ಎಸ್. ಎಂದರು. ಕರುಳಿನಲ್ಲಿ ಹುಣ್ಣಾಗಲಿ ಗಡ್ಡೆಯಾಗಲಿ ಇರುವುದಿಲ್ಲ. ಆದರೆ ಕರುಳಿಗೂ ಮಿದುಳಿಗೂ ನಡುವಣ ವ್ಯವಹಾರ ಏರುಪೇರಾಗಿ, ಅದು ಸುಲಭವಾಗಿ ಕೆರಳುತ್ತದೆ. ನೋವು ಮಾತ್ರ ಕಲ್ಪಿತವಲ್ಲ.

ವೈದ್ಯರು ನಾಲ್ಕು ವಾರ ಒಂದು ಪುಸ್ತಕವಿಡಲು ಹೇಳಿದರು. ಉಂಡ ಪದಾರ್ಥ ಮತ್ತು ಹೊತ್ತು. ನೋವಿಗೆ ಸೊನ್ನೆಯಿಂದ 10ರವರೆಗೆ ಅಂಕ. ನಿದ್ರೆ, ಚಿಂತೆ, ಮುಟ್ಟಿನ ದಿನಗಳು. ಮತ್ತು ಮಲದ ರೂಪ. ಈ ಕೊನೆಯದಕ್ಕೆ 1997ರಲ್ಲಿ ಪ್ರಕಟವಾದ ಬ್ರಿಸ್ಟಲ್ ಪಟ್ಟಿಯುಂಟು: ಗಟ್ಟಿ ಉಂಡೆಗಳಂತಿದ್ದರೆ 1, ನುಣುಪಾಗಿ ಮೆತ್ತಗಿದ್ದರೆ 4, ನೀರಾದರೆ 7. ನಾಚಿಕೆಯ ಮಾತನ್ನು ಒಂದು ಅಂಕೆಯಲ್ಲಿ ಮುಗಿಸಬಹುದು.

ಅತ್ತಿಗೆಯವರು ದೂರುತ್ತಿದ್ದುದು ಮೆಣಸಿನಕಾಯಿಯನ್ನು. ಪುಸ್ತಕ ತೋರಿಸಿದುದು ಬೇರೆ: ಎರಡು ಹೊತ್ತು ಹಾಲು ಕುಡಿದ ದಿನಗಳಲ್ಲಿ ಸಂಜೆಗೆ ಉಬ್ಬರ, ಊಟ ತಪ್ಪಿಸಿ ಚಿಂತೆಯಿಂದ ಹೊರಟ ದಿನಗಳಲ್ಲಿ ಭೇದಿ. ಮೊಸರಿನಿಂದ ತೊಂದರೆಯಿರಲಿಲ್ಲ. ವೈದ್ಯರ ಮಾತಿನಂತೆ ಎರಡು ವಾರ ಹಾಲನ್ನು ಬಿಟ್ಟರು, ಉಬ್ಬರ ಇಳಿಯಿತು. ಮತ್ತೆ ಕುಡಿದು ನೋಡಿದರು, ಮರಳಿತು. ಹೀಗೆ ಒಂದೊಂದನ್ನೇ ಪರೀಕ್ಷಿಸಬೇಕು. ಕೆಲವರಿಗೆ ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಬೇಳೆಗಳು ಒಗ್ಗವು. ಆದರೆ ಎಲ್ಲವನ್ನೂ ಒಮ್ಮೆಗೇ ಬಿಟ್ಟು ಬಹುಕಾಲ ಪಥ್ಯ ಮಾಡಿದರೆ ಶರೀರ ಸೊರಗುತ್ತದೆ.

ಹಂಪಿಯಲ್ಲಿ ಅವರು ಹೊತ್ತಿಗೆ ಸರಿಯಾಗಿ ಇಡ್ಲಿ ತಿಂದು, ಬುತ್ತಿಯಲ್ಲಿ ಮೊಸರನ್ನ ಕಟ್ಟಿಕೊಂಡು, ಶೌಚಾಲಯ ಎಲ್ಲಿದೆಯೆಂಬುದನ್ನು ಮೊದಲೇ ವಿಚಾರಿಸಿಕೊಂಡು, ಬಜಾರಿನ ಉದ್ದಕ್ಕೂ ನಮ್ಮೊಡನೆ ನಡೆದರು. ಎದುರು ಬಸವಣ್ಣನ ಮಂಟಪದ ನೆರಳಿನಲ್ಲಿ ಪುಸ್ತಕ ತೆರೆದು ಬರೆದರು: ನೋವು 2. ವ್ಯಾಧಿ ಪೂರ್ಣವಾಗಿ ಹೋಗಿಲ್ಲ. ಅದರ ಭಯ ಹೋಗಿದೆ. ಮುಂದಿನ ತಿಂಗಳು ತವರಿಗೆ ಹೋಗುವರಂತೆ.

ಒಂದು ಎಚ್ಚರಿಕೆಯನ್ನು ಗೃಹಸ್ಥರು ಮರೆಯಬಾರದು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ರಕ್ತಹೀನತೆ, ನಿದ್ರೆಯಿಂದ ಎಬ್ಬಿಸುವ ಭೇದಿ, ಅಥವಾ 50 ವರ್ಷಗಳ ಬಳಿಕ ಹೊಸದಾಗಿ ತೋರಿದ ಬೇನೆ ಇದ್ದರೆ, ಪುಸ್ತಕ ಬರೆಯುತ್ತ ಕೂರದೆ ಕೂಡಲೇ ವೈದ್ಯರಲ್ಲಿಗೆ ಹೋಗತಕ್ಕದ್ದು. ಉಳಿದವರಿಗೆ ಒಂದು ನೋಟುಪುಸ್ತಕವೂ ಸೀಸದ ಕಡ್ಡಿಯೂ ಒಳ್ಳೆಯ ಸಂಗಾತಿಗಳು.