ಟಿ.ಟಿ. ಬಂತೇನು?

ಬಸವನ ಬಾಗೇವಾಡಿಯ ನಮ್ಮ ಕಾಕಾ ಮೊದಲ ಸಲ ದುಬೈಗೆ ಮಣೂಕ ಕಳಿಸಿದ್ದರು. ಮುಂಗಡ ಶೇ. 30, ಬಿಲ್ ಆಫ್ ಲೇಡಿಂಗ್‌ನ ನಕಲು ತಲುಪಿದ ಮೇಲೆ ಉಳಿದದ್ದು. ಎರಡೂ ಟಿ.ಟಿ., ಅಂದರೆ ಟೆಲಿಗ್ರಾಫಿಕ್ ಟ್ರಾನ್ಸ್‌ಫರ್. ನಮ್ಮಲ್ಲಿ ತಂತಿ ಸೇವೆ 2013ರಲ್ಲೇ ನಿಂತಿತು; ಸಂದೇಶ ಈಗ ಸ್ವಿಫ್ಟ್‌ನಲ್ಲಿ ಓಡುತ್ತದೆ, ಹೆಸರು ಮಾತ್ರ ಹಳೆಯದೇ.

"ನಡುವ ಬ್ಯಾಂಕ್ ಐತಲ್ಲ ಕಾಕಾ, ಅಂಜಿಕಿ ಯಾಕ?" ಅಂದೆ.

"ಬ್ಯಾಂಕ್ ರೊಕ್ಕ ಹೊತ್ತು ತರತೈತಿ ಅಷ್ಟ, ತಮ್ಮಾ. ಅಂವ ಕಳಸಲಿಲ್ಲಂದ್ರ ಯಾಕಂತ ಕೇಳಂಗಿಲ್ಲ. ಎಲ್.ಸಿ. ಇದ್ದಿದ್ರ ಬ್ಯಾಂಕೇ ಹೊಣಿ ಇರತಿತ್ತು."

ಎಲ್.ಸಿ. ಖರ್ಚಿಗೆ ಆ ಕಡೆಯವರು ಒಪ್ಪಿರಲಿಲ್ಲ. ಹೀಗಾಗಿ ಕಾಕಾನ ಧೈರ್ಯವೆಲ್ಲ ತಿಜೋರಿಯಲ್ಲಿದ್ದ ಅಸಲು ಕಾಗದದಲ್ಲಿತ್ತು. ಅದಿಲ್ಲದೆ ಅಲ್ಲಿ ಮಾಲು ಬಿಡಿಸಿಕೊಳ್ಳುವಂತಿಲ್ಲ.

ಹನ್ನೆರಡನೇ ದಿನ ಹಣ ಬಂತು, ದಾರಿಯ ಬ್ಯಾಂಕಿನ ಕಮಿಷನ್ ಮುರಿದುಕೊಂಡು. ಕಾಕಾ ಕಾಗದವನ್ನು ಕೊರಿಯರ್‌ಗೆ ಕೊಟ್ಟು, "ಬಾ, ಚಾ ಕುಡಿಯೋಣು" ಅಂದರು.