ರಕ್ತನಾಳ, ಕಾಲುವೆ ಮತ್ತು ನಮ್ಮ ಒಂದು ತಪ್ಪು

ಪಾಠ ಹೇಳುವವನಿಗೆ ಉಪಮೆಯೇ ಊರುಗೋಲು. ತಿಳಿದುದರಿಂದ ತಿಳಿಯದುದರ ಕಡೆಗೆ ಮಗುವನ್ನು ಕರೆದೊಯ್ಯಬೇಕೆಂಬುದು ಶಿಕ್ಷಕರ ತರಬೇತಿಯಲ್ಲಿ ನಮಗೆ ಕಲಿಸಿದ ಮೊದಲ ಸೂತ್ರ. ಅದನ್ನು ನಂಬಿ ನಾವು ಮೂರು ದಶಕಗಳಿಂದ ಮಕ್ಕಳ ಮುಂದೆ ನಿಂತಿದ್ದೇವೆ. ಆದರೆ ಅದೇ ಸೂತ್ರವನ್ನು ಅರ್ಧ ಮಾತ್ರ ಪಾಲಿಸಿದುದರಿಂದ ನಮ್ಮ ಮನೆಯಲ್ಲಿಯೇ ಒಂದು ಅನರ್ಥ ಸಂಭವಿಸಿತು. ನಮ್ಮಂತೆ ಗಡಿಯ ಈಚೆಗೆ ಬಾಳುತ್ತಿರುವ ಕನ್ನಡ ಕುಟುಂಬಗಳಿಗೆ ಅದರಿಂದ ಪ್ರಯೋಜನವಾದೀತೆಂದು ಭಾವಿಸಿ, ಸಂಕೋಚವನ್ನು ಬದಿಗಿಟ್ಟು ಬರೆಯುತ್ತಿದ್ದೇವೆ.

ನಮ್ಮ ಅಣ್ಣನವರು ಗೋನೆಗಂಡ್ಲದಲ್ಲಿ ಬೇಸಾಯ ಮಾಡಿಕೊಂಡಿರುವವರು. ರಕ್ತದ ಒತ್ತಡ ಹೆಚ್ಚಾಗಿದೆಯೆಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. ಅಣ್ಣನವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಬೀಡಿಯನ್ನೂ ಬಿಡಲಿಲ್ಲ. 2018ರಲ್ಲಿ ಒಂದು ಬೆಳಗಿನ ಜಾವ ಅವರಿಗೆ ಎದೆಯ ಮೇಲೆ ಬಂಡೆಯನ್ನಿಟ್ಟಂತೆ ನೋವು ಬಂದಿತು; ಮೈಯೆಲ್ಲ ಬೆವರಿತು. ಕೋಡುಮೂರಿನ ಮಾರ್ಗವಾಗಿ ಕರ್ನೂಲಿಗೆ ಕರೆದೊಯ್ದೆವು. ಹೃದಯಕ್ಕೆ ರಕ್ತ ಒಯ್ಯುವ ನಾಳವೊಂದು ಮುಚ್ಚಿಹೋಗಿದೆ, ಕೂಡಲೇ ಆಂಜಿಯೋಪ್ಲಾಸ್ಟಿ ಆಗಬೇಕೆಂದು ಅಲ್ಲಿನ ವೈದ್ಯರು ಹೇಳಿದರು. ಒಪ್ಪಿಗೆಯ ಕಾಗದ ತೆಲುಗಿನಲ್ಲಿತ್ತು. ನಮ್ಮ ಅತ್ತಿಗೆಯವರಿಗೆ ತೆಲುಗು ಮಾತನಾಡಲು ಬರುತ್ತದೆಯೇ ಹೊರತು ಓದಲು ಬರುವುದು ಕನ್ನಡ ಮಾತ್ರ. "ಏನು ಬರೆದೈತೆ ಅಂತ ನಮ್ಮ ಮಾತಿನಾಗ ಹೇಳಪ್ಪಾ" ಎಂದು ಅವರು ಕಾಗದವನ್ನು ನಮ್ಮ ಕೈಯಲ್ಲಿಟ್ಟರು.

ಆಗ ನಾವು ತುಂಗಭದ್ರೆಯ ಕಾಲುವೆಯ ಉಪಮೆಯನ್ನು ತೆಗೆದೆವು. 1953ರಲ್ಲಿ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಹೊಸಪೇಟೆಯ ಜಲಾಶಯ, ಹೂಳು ತುಂಬಿ, ಇಂದು ಸುಮಾರು 105 ಟಿ.ಎಂ.ಸಿ.ಗೆ ಇಳಿದಿದೆ. ಅದರ ಕೆಳಮಟ್ಟದ ಕಾಲುವೆಯ ನೀರಿಗಾಗಿ ಕಾಯುವ ನಮ್ಮ ಸೀಮೆಯಲ್ಲಿ ಹೂಳಿನ ಸಂಗತಿಯನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. "ಕಾಲುವೆಯಲ್ಲಿ ಹೂಳು ತುಂಬಿದಂತೆ ನಾಳದಲ್ಲಿ ಕೊಬ್ಬು ತುಂಬಿದೆ. ಅದನ್ನು ತೆಗೆದು ದಾರಿ ಮಾಡುತ್ತಾರೆ, ಅಷ್ಟೇ" ಎಂದೆವು. ಅತ್ತಿಗೆಯವರು ಹೆಬ್ಬೆಟ್ಟೊತ್ತದೆ ಕನ್ನಡದಲ್ಲಿಯೇ ಸಹಿ ಮಾಡಿದರು. ಹಾಸಿಗೆಯಲ್ಲಿದ್ದ ಅಣ್ಣನವರೂ ಆ ಮಾತನ್ನು ಕೇಳಿಸಿಕೊಂಡಿದ್ದರು.

ಚಿಕಿತ್ಸೆ ಸಾಂಗವಾಗಿ ನೆರವೇರಿತು. ನಾಡಿ ಹಿಡಿದು ನೋಡುವ ಮಣಿಕಟ್ಟಿನ ರಕ್ತನಾಳದಲ್ಲಿಯೇ ಸುಮಾರು ಎರಡು ಮಿಲಿಮೀಟರ್ ದಪ್ಪದ ಕ್ಯಾಥೆಟರ್ ಎಂಬ ಕೊಳವೆಯನ್ನು ಹೊಗಿಸಿ, ಕ್ಷ-ಕಿರಣದ ತೆರೆಯ ಮೇಲೆ ನೋಡುತ್ತ ಹೃದಯದವರೆಗೆ ಒಯ್ದರು. ಕೂದಲೆಳೆಯಂಥ ತಂತಿಯೊಂದನ್ನು ಮುಚ್ಚಿದ ಜಾಗವನ್ನು ದಾಟಿಸಿ, ಅದರ ಮೇಲಿಂದ ಪುಟ್ಟ ಬಲೂನನ್ನು ತಂದು ಉಬ್ಬಿಸಿ, ಸ್ಟೆಂಟ್ ಎಂಬ ಲೋಹದ ಜಾಲರಿಯನ್ನು ನಾಳದ ಗೋಡೆಗೆ ಒತ್ತಿ ನಿಲ್ಲಿಸಿದರು. ಅಣ್ಣನವರು ಎಚ್ಚರವಾಗಿಯೇ ಇದ್ದರು. ಕೆಲವೇ ದಿನಗಳಲ್ಲಿ ನಡೆದುಕೊಂಡು ಮನೆಗೆ ಬಂದರು.

ಐದು ತಿಂಗಳು ಮಾತ್ರೆಗಳನ್ನು ನುಂಗಿದರು. ಆಮೇಲೆ ನಮಗೆ ತಿಳಿಸದೆ ಎಲ್ಲವನ್ನೂ ಒಟ್ಟಿಗೇ ನಿಲ್ಲಿಸಿದರು. ಎರಡು ವಾರ ಕಳೆಯುವಷ್ಟರಲ್ಲಿ ಅದೇ ನೋವು ಮರಳಿ ಬಂದಿತು. ಮತ್ತೆ ಕರ್ನೂಲು, ಮತ್ತೆ ಬಲೂನು. ಜೀವ ಉಳಿಯಿತು, ಆದರೆ ಹೃದಯದ ಸ್ನಾಯುವಿನ ಒಂದು ಭಾಗ ಸತ್ತುಹೋಯಿತು. ಮಾತ್ರೆಗಳನ್ನು ಏಕೆ ಬಿಟ್ಟಿರೆಂದು ತರುಣ ವೈದ್ಯರೊಬ್ಬರು ಕೇಳಿದಾಗ ಅಣ್ಣನವರು ನಮ್ಮ ಕಡೆಗೆ ಕೈ ತೋರಿಸಿ, "ಹೂಳು ತೆಗೆದಾತು ಅಂತ ನಮ್ಮ ಮೇಷ್ಟ್ರೇ ಹೇಳ್ಯಾರ. ತೆಗೆದ ಮ್ಯಾಲೆ ದಿನಾ ಗುದ್ದಲಿ ಹಿಡಿಯೋದ್ಯಾಕ?" ಎಂದರು. ಅವರ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ. ಆದುದರಿಂದಲೇ ನಾವು ತಲೆಯೆತ್ತಿ ನಿಲ್ಲಲಾರದೆ ಹೋದೆವು.

ಆ ತರುಣ ವೈದ್ಯರು ನಮ್ಮನ್ನು ಕೂರಿಸಿಕೊಂಡು ತಿಳಿಸಿದ ಸಂಗತಿಯನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ. ರೋಗವಿರುವುದು ನಾಳದ ಹಾದಿಯಲ್ಲಲ್ಲ, ಗೋಡೆಯಲ್ಲಿ. ಕೊಬ್ಬು ಹೊರಗಿನಿಂದ ಹರಿದುಬಂದು ತಳದಲ್ಲಿ ನಿಲ್ಲುವ ಹೂಳಲ್ಲ. ಅದು ಗೋಡೆಯ ಒಳಗೇ ಸೇರಿ ವರ್ಷಗಟ್ಟಲೆ ಬೆಳೆಯುತ್ತದೆ. ನಮ್ಮ ಹಳೆಯ ಮಣ್ಣಿನ ಮನೆಗಳಲ್ಲಿ ತೇವ ಹಿಡಿದ ಗೋಡೆ ಉಬ್ಬಿ ಒಂದು ದಿನ ಗಿಲಾವು ಒಡೆಯುವುದಿಲ್ಲವೇ, ಹಾಗೆ ಈ ಉಬ್ಬು ಒಡೆಯುತ್ತದೆ. ಒಡೆದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪೇ ಹೃದಯಾಘಾತಕ್ಕೆ ಕಾರಣ. ಬಲೂನು ಏನನ್ನೂ ಹೊರತೆಗೆಯುವುದಿಲ್ಲ, ಉಬ್ಬನ್ನು ಬದಿಗೊತ್ತುತ್ತದೆ. ಸ್ಟೆಂಟ್ ಆ ಒಂದು ಜಾಗಕ್ಕೆ ಕೊಟ್ಟ ಆಸರೆ. ಬರಿಯ ಲೋಹವನ್ನು ಕಂಡರೆ ರಕ್ತ ಹೆಪ್ಪುಗಟ್ಟಲು ಹವಣಿಸುತ್ತದೆ. ಅದರ ಮೇಲೆ ದೇಹ ತನ್ನ ತೆಳುಪೊರೆಯನ್ನು ಹೊದಿಸಲು ತಿಂಗಳುಗಳು ಬೇಕು. ಆದುದರಿಂದ ಹೃದಯಾಘಾತದ ಬಳಿಕ ಹೆಪ್ಪು ತಡೆಯುವ ಎರಡು ಮಾತ್ರೆಗಳನ್ನು ಸಾಮಾನ್ಯವಾಗಿ ಒಂದು ವರ್ಷ, ಮುಂದೆ ಒಂದನ್ನಾದರೂ ನಿರಂತರವಾಗಿ ಕೊಡುತ್ತಾರೆ. ಕೊಬ್ಬಿನ ಮತ್ತು ಒತ್ತಡದ ಮಾತ್ರೆಗಳು ಉಳಿದ ಗೋಡೆಯನ್ನು ಕಾಯುತ್ತವೆ.

ಈ ವಿದ್ಯೆಯ ಚರಿತ್ರೆಯೂ ತಿಳಿಯತಕ್ಕದ್ದೇ. 1929ರಲ್ಲಿ ಜರ್ಮನಿಯ ವರ್ನರ್ ಫೋರ್ಸ್‌ಮನ್ ಎಂಬ ತರುಣ ವೈದ್ಯನು ತನ್ನ ತೋಳಿನ ರಕ್ತನಾಳದ ಮೂಲಕ ತನ್ನದೇ ಹೃದಯಕ್ಕೆ ಕೊಳವೆಯನ್ನು ಹೊಗಿಸಿಕೊಂಡನು. 1956ರಲ್ಲಿ ಇನ್ನಿಬ್ಬರೊಡನೆ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. 1964ರಲ್ಲಿ ಅಮೆರಿಕದ ಚಾರ್ಲ್ಸ್ ಡಾಟರ್ ವೃದ್ಧೆಯೊಬ್ಬಳ ಕಾಲಿನ ನಾಳವನ್ನು ಕ್ಯಾಥೆಟರಿನಿಂದ ಹಿಗ್ಗಿಸಿ, ಕತ್ತರಿಸಬೇಕಾಗಿದ್ದ ಕಾಲನ್ನು ಉಳಿಸಿದನು. 1977ರ ಸೆಪ್ಟೆಂಬರಿನಲ್ಲಿ ಜ್ಯೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಹೃದಯದ ನಾಳದಲ್ಲಿ ಮೊದಲ ಬಲೂನನ್ನು ಉಬ್ಬಿಸಿದನು. 1986ರಲ್ಲಿ ಸ್ಟೆಂಟ್ ಬಂದಿತು.

ಅಣ್ಣನವರು ಚೇತರಿಸಿಕೊಂಡ ಮೇಲೆ ಇನ್ನೊಂದು ಪ್ರಶ್ನೆ ಎದ್ದಿತು. ಒತ್ತಡಕ್ಕೂ ಇಂಥದೇ ಕೊಳವೆಯ ಚಿಕಿತ್ಸೆ ಇದೆಯಂತೆ, ಮಾಡಿಸಿದರೆ ಮಾತ್ರೆಯೇ ಬೇಡವಂತೆ ಎಂದು ಬಂಧುಗಳೊಬ್ಬರು ಹೇಳಿಹೋದರು. ಈ ಸಲ ನಾವು ಉಪಮೆ ಹುಡುಕದೆ, ವೈದ್ಯರಲ್ಲಿ ವಿಚಾರಿಸಿ ತಿಳಿದುಕೊಂಡೆವು. ಮೂತ್ರಪಿಂಡದ ರಕ್ತನಾಳದ ಸುತ್ತಲೂ ಇರುವ ನರಗಳು ಒತ್ತಡವನ್ನು ಏರಿಸುವ ಸಂದೇಶಗಳನ್ನು ಒಯ್ಯುತ್ತವೆ. ಕ್ಯಾಥೆಟರನ್ನು ಆ ನಾಳದೊಳಗೆ ಒಯ್ದು ಶಾಖದಿಂದ ನರಗಳನ್ನು ಅಡಗಿಸುವುದೇ ಆ ಚಿಕಿತ್ಸೆ. 2009ರಲ್ಲಿ ಪ್ರಕಟವಾದ ಮೊದಲ ಫಲಿತಾಂಶಗಳಿಂದ ದೊಡ್ಡ ಆಸೆ ಹುಟ್ಟಿತು. ಆದರೆ ಕೆಲವರಿಗೆ ನಿಜವಾದ ಚಿಕಿತ್ಸೆ, ಕೆಲವರಿಗೆ ಚಿಕಿತ್ಸೆಯ ತೋರಿಕೆ ಮಾತ್ರ ಮಾಡಿ ಹೋಲಿಸಿದ 2014ರ ಪರೀಕ್ಷೆಯಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಉಪಕರಣಗಳನ್ನು ತಿದ್ದಿ ಮತ್ತೆ ಪರೀಕ್ಷಿಸಿದ ಮೇಲೆ, 2023ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ ಅನುಮತಿಯಿತ್ತಿತು. ಇದರಿಂದ ಒತ್ತಡ ಇಳಿಯುವುದು ಸರಾಸರಿಯಲ್ಲಿ ಒಂದು ಮಾತ್ರೆಯಿಂದ ಇಳಿಯುವಷ್ಟು. ಹಲವು ಮಾತ್ರೆಗಳಿಗೂ ಬಗ್ಗದ ಒತ್ತಡಕ್ಕೆ ಅದು ನೆರವು, ಮಾತ್ರೆಗೆ ಬದಲಿಯಲ್ಲ. ಅಣ್ಣನವರಿಗೆ ಅದು ಬೇಕಾಗಲಿಲ್ಲ. ಉಪ್ಪಿನಕಾಯಿ, ಹಪ್ಪಳ, ಬಜ್ಜಿಗಳನ್ನು ಮಿತಗೊಳಿಸಿ, ಬೀಡಿಯನ್ನು ಬಿಟ್ಟು, ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಂಡ ಮೇಲೆ ಒತ್ತಡ ಹತೋಟಿಗೆ ಬಂದಿತು. ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಇನ್ನೊಂದು ವಿಷಯವನ್ನು ಎಲ್ಲರೂ ಗಮನಿಸಬೇಕು. ಹೃದಯಾಘಾತದ ವೇಳೆಯಲ್ಲಿ ಬಲೂನು ಜೀವದಾನಿ. ಅಲ್ಲಿ ಪ್ರತಿ ನಿಮಿಷಕ್ಕೂ ಬೆಲೆಯಿದೆ. ಆದರೆ ನಡೆದಾಗ ಮಾತ್ರ ಎದೆ ಹಿಡಿದು ನಿಂತರೆ ಬಿಡುವಂಥ, ಸ್ಥಿರವಾದ ನೋವುಳ್ಳ ಬಹುಪಾಲು ರೋಗಿಗಳಲ್ಲಿ, ಒಳ್ಳೆಯ ಔಷಧೋಪಚಾರಕ್ಕಿಂತ ಸ್ಟೆಂಟ್ ಆಯುಷ್ಯವನ್ನು ಹೆಚ್ಚಿಸುವುದಿಲ್ಲವೆಂದು 2007 ಮತ್ತು 2020ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಗಳು ತೋರಿಸಿವೆ. ನೋವು ಕಡಿಮೆಯಾಗುವುದು ನಿಜ. ಅಂಥವರು ಹೆದರಿ ಹೊಲ ಮಾರಬೇಕಾಗಿಲ್ಲ. ವೈದ್ಯರೊಡನೆ ಕುಳಿತು ವಿಚಾರಿಸಲು ಸಮಯವಿರುತ್ತದೆ.

ಹಣದ ಚಿಂತೆಯೂ ಮೊದಲಿನಷ್ಟಿಲ್ಲ. 2017ರ ಫೆಬ್ರವರಿಯಲ್ಲಿ ಕೇಂದ್ರದ ಬೆಲೆ ನಿಯಂತ್ರಣ ಪ್ರಾಧಿಕಾರವು ಸ್ಟೆಂಟಿನ ಬೆಲೆಗೆ ಮಿತಿ ಹಾಕಿತು. ನಮ್ಮ ಅಣ್ಣನವರ ಚಿಕಿತ್ಸೆಯ ವೆಚ್ಚ, 2007ರಲ್ಲಿ ಅವಿಭಜಿತ ಆಂಧ್ರದಲ್ಲಿ ಆರಂಭವಾದ ಆರೋಗ್ಯಶ್ರೀ ಯೋಜನೆಯಿಂದ ಸಂದಿತು. ಕನ್ನಡದಲ್ಲಿಯೇ ಮಾತನಾಡಿ ಸಲಹೆ ಪಡೆಯಬೇಕೆನ್ನುವವರಿಗೆ ಆದವಾನಿಯಿಂದ ರೈಲು ಹತ್ತಿದರೆ, ರಾಯಚೂರಿನ ಆಚೆ, ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಯಿದೆ. ಅದರ 371 ಹಾಸಿಗೆಗಳ ಹೊಸ ಕಟ್ಟಡ 2024ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು. ಒಂದು ರಾಜ್ಯದ ಯೋಜನೆ ಇನ್ನೊಂದು ರಾಜ್ಯದಲ್ಲಿ ನಡೆಯುವುದೇ ಎಂಬುದನ್ನು ಹೊರಡುವ ಮೊದಲು ವಿಚಾರಿಸಿಕೊಳ್ಳಬೇಕು. ಆದರೆ ಎದೆನೋವು ಬಂದ ಗಳಿಗೆಯಲ್ಲಿ ಭಾಷೆಯನ್ನಾಗಲಿ ರಾಜ್ಯವನ್ನಾಗಲಿ ನೋಡದೆ, ಅತಿ ಸಮೀಪದ ಆಸ್ಪತ್ರೆಗೆ ಧಾವಿಸಬೇಕು.

ಅಣ್ಣನವರು ಈಗಲೂ ಸಂಜೆ ಹೊಲದ ಬದುವಿನವರೆಗೆ ನಡೆಯುತ್ತಾರೆ, ಗುದ್ದಲಿ ಹಿಡಿಯಲಾರರು. ಅವರ ಮಾತ್ರೆಗಳ ಹೆಸರು, ಹೊತ್ತು, ಅದು ಏತಕ್ಕೆಂಬುದು, ಇಷ್ಟನ್ನೂ ನಾವು ಕನ್ನಡದಲ್ಲಿ ದಪ್ಪಕ್ಷರದಿಂದ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೇವೆ. ಅತ್ತಿಗೆಯವರು ದಿನವೂ ಅದನ್ನು ಓದಿ ಮಾತ್ರೆ ಕೊಡುತ್ತಾರೆ. ಶಾಲೆಯಲ್ಲಿ ರಕ್ತಪರಿಚಲನೆಯ ಪಾಠ ಬಂದಾಗ ನಾವು ಕಾಲುವೆಯ ಉಪಮೆಯನ್ನು ಹೇಳಿ, ಅದು ಎಲ್ಲಿಯವರೆಗೆ ಸರಿ, ಎಲ್ಲಿಂದ ತಪ್ಪು ಎಂಬುದನ್ನೂ ಹೇಳುತ್ತೇವೆ. ಹಿಂದೆ ಎರಡನೆಯ ಮಾತನ್ನು ಹೇಳುತ್ತಿರಲಿಲ್ಲ.

ಓದಿದವರೆಂದು ನಂಬಿ ಮನೆಯವರು ನಮ್ಮ ಕೈಯಲ್ಲಿ ಕಾಗದವನ್ನಿಡುತ್ತಾರೆ. ಅದನ್ನು ಅವರಿಗೆ ಸಮಾಧಾನವಾಗುವಂತೆ ಓದಿ ಹೇಳಿದರೆ ಸಾಲದು. ಮುಂದೆ ಏನು ಮಾಡಬೇಕು, ಎಷ್ಟು ಕಾಲ ಮಾಡಬೇಕು, ಬಿಟ್ಟರೆ ಏನಾಗುತ್ತದೆ ಎಂಬ ಮೂರನ್ನೂ ವೈದ್ಯರಲ್ಲಿ ಕೇಳಿ ನಮ್ಮ ಮಾತಿನಲ್ಲಿ ಹೇಳಬೇಕು. ನಾವು ಕೇಳದೆ ಉಳಿದುದನ್ನು ವಾಚಕರಾದರೂ ಕೇಳಲಿ ಎಂಬುದೊಂದೇ ನಮ್ಮ ಪ್ರಾರ್ಥನೆ.