ಹಳೆಯ ಗಣಕಯಂತ್ರದಲ್ಲಿ ಒಂದು ತರಂಗ ಪಾಠ

ಅಭ್ಯಾಸ ಬೋಧನೆಗೆಂದು ಗೌರಿಬಿದನೂರು ತಾಲ್ಲೂಕಿನ ಒಂದು ಪ್ರೌಢಶಾಲೆಗೆ ಹೋದಾಗ ಒಂಬತ್ತನೇ ತರಗತಿಯ ತರಂಗಗಳ ಪಾಠ ನನ್ನ ಪಾಲಿಗೆ ಬಂತು. ಅಲೆ ಮುಂದೆ ಸಾಗುತ್ತದೆ, ಮಾಧ್ಯಮದ ಕಣ ಇದ್ದಲ್ಲೇ ಕಂಪಿಸುತ್ತದೆ ಎಂಬುದು ಕಪ್ಪುಹಲಗೆಯ ನಿಂತ ಚಿತ್ರದಿಂದ ಮಕ್ಕಳಿಗೆ ಸುಲಭವಾಗಿ ತಿಳಿಯದು. ಅದಕ್ಕೆ ಚಲಿಸುವ ಚಿತ್ರ ಬೇಕಿತ್ತು.

ಮನೆಯಲ್ಲಿದ್ದದ್ದು ಅಣ್ಣ ಓದುವಾಗ ಕೊಂಡ ಗಣಕಯಂತ್ರ: ವಿಂಡೋಸ್ 7, 32 ಬಿಟ್, 2 ಜಿಬಿ ರ‍್ಯಾಮ್. ಅದರಲ್ಲಿದ್ದ ವಿಜ್ಞಾನದ ಆನಿಮೇಷನ್‌ಗಳೆಲ್ಲ ಫ್ಲ್ಯಾಶ್‌ನವು. ಅಡೋಬಿ ಸಂಸ್ಥೆ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರ್‌ಗೆ ಬೆಂಬಲ ನಿಲ್ಲಿಸಿದ ಮೇಲೆ ಅವು ಬ್ರೌಸರಿನಲ್ಲಿ ತೆರೆಯುತ್ತಿರಲಿಲ್ಲ. “ಎಲ್ಲಾ ಲೇಟೆಸ್ಟ್ ಹಾಕ್ಬಿಡು” ಎಂದ ಅಣ್ಣ. ಆದರೆ 2025ರಲ್ಲಿ ಬಂದ ಗಿಂಪ್ 3ಕ್ಕೆ ವಿಂಡೋಸ್ 10 ಬೇಕು. ಹಾಗಾಗಿ ಈ ಯಂತ್ರದಲ್ಲಿ ಓಡುವ ಗಿಂಪ್ 2.10 ಮತ್ತು ವಿಎಲ್‌ಸಿ 3 ಆರಿಸಿಕೊಂಡೆ. ವಿಂಡೋಸ್ 7ಕ್ಕೆ 2020ರ ಜನವರಿಯಿಂದಲೇ ಸುರಕ್ಷತಾ ಪರಿಷ್ಕರಣೆಗಳು ನಿಂತಿದ್ದರಿಂದ, ಎರಡನ್ನೂ ಬೇರೆ ಕಡೆ ಅಧಿಕೃತ ತಾಣದಿಂದ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ತಂದೆ.

ಹೊಸ ಗಿಂಪ್‌ನಿಂದ ಮೊದಲ ಲಾಭ ಕನ್ನಡಕ್ಕಾಯಿತು. ಹಿಂದಿನ ಚಿತ್ರ ತಂತ್ರಾಂಶದಲ್ಲಿ ಯುನಿಕೋಡ್ ಒತ್ತಕ್ಷರಗಳು ಒಡೆದು ಬೀಳುತ್ತಿದ್ದವು. ಇದರಲ್ಲಿ ‘ಆವೃತ್ತಿ’ ಸರಿಯಾಗಿ ಮೂಡಿತು. ಹಗ್ಗದ ಅಲೆಯನ್ನು ಹನ್ನೆರಡು ಪದರಗಳಲ್ಲಿ ಬರೆದು, ಹಗ್ಗದ ಮೇಲೊಂದು ಕೆಂಪು ಚುಕ್ಕೆ ಇಟ್ಟು, ಜಿಫ್ ಆಗಿ ಉಳಿಸಿದೆ. ಪದರಗಳೇ ಒಂದರ ಹಿಂದೊಂದು ಬಂದು ಚಲನೆಯಾಗುತ್ತವೆ. ಮೊಬೈಲಿನಲ್ಲಿ ತೆಗೆದ ಹಗ್ಗದ ವಿಡಿಯೋ ಎಚ್.265ರಲ್ಲಿತ್ತು, ಹಳೆಯ ಪ್ರೊಸೆಸರ್ ಅದನ್ನು ತಡವರಿಸಿ ತೋರಿಸುತ್ತಿತ್ತು. ವಿಎಲ್‌ಸಿಯಲ್ಲೇ ಎಚ್.264ಕ್ಕೆ ಬದಲಿಸಿ 480ಪಿಗೆ ಇಳಿಸಿದೆ. ಪಾಠದ ಹಿಂದಿನ ದಿನ ಎರಡನ್ನೂ ಶಾಲೆಯ ಗಣಕಯಂತ್ರದಲ್ಲಿ ಓಡಿಸಿ ನೋಡಿದೆ. ಅದು ನಮ್ಮ ಮನೆಯದಕ್ಕಿಂತ ಹಳೆಯದು.

ತರಗತಿಯಲ್ಲಿ ಎರಡನೇ ಸಾಲಿನ ಹುಡುಗಿ ಕೇಳಿದಳು: “ಮೇಡಂ, ಅಲೆ ಹೋಗ್ತಾ ಇದೆ, ಆ ಚುಕ್ಕೆ ಯಾಕೆ ಅಲ್ಲೇ ಇದೆ?” ನಾನು ಕೇಳಬೇಕೆಂದು ಪಾಠಯೋಜನೆಯಲ್ಲಿ ಬರೆದುಕೊಂಡಿದ್ದ ಪ್ರಶ್ನೆಯೇ ಅದು. ಉತ್ತರವನ್ನು ಮಕ್ಕಳೇ ಕಂಡುಕೊಂಡರು. ಮುಂದೆ ನಮ್ಮ ಗೌರಿಬಿದನೂರಿನ ರೇಡಿಯೋ ದೂರದರ್ಶಕಕ್ಕೆ ಬಂದೆವು. ರೇಡಿಯೋ ಅಲೆಗೆ ಮಾಧ್ಯಮ ಬೇಡ, ಆದರೆ ವೇಗ, ಆವೃತ್ತಿ, ತರಂಗದೂರಗಳ ಸಂಬಂಧ ಅದೇ ಎಂದು ಹೇಳಿದೆ. 1976ರಿಂದ ಕೆಲಸ ಮಾಡಿದ ಅಲ್ಲಿನ ‘ಟಿ’ ಆಕಾರದ ಆಂಟೆನಾ ಸಾಲು 34.5 ಮೆಗಾಹರ್ಟ್ಸ್‌ನದು. ಬೆಳಕಿನ ವೇಗವನ್ನು ಅದರಿಂದ ಭಾಗಿಸಿ ತರಂಗದೂರ ಸುಮಾರು 8.7 ಮೀಟರ್ ಎಂದು ಕಂಡುಹಿಡಿದ ಮಕ್ಕಳು, ಅಷ್ಟನ್ನೂ ವರಾಂಡದಲ್ಲಿ ಹಗ್ಗ ಹಿಡಿದು ಅಳೆದರು.

ಪಾಠಕ್ಕೆ ಮೊದಲು ಮಕ್ಕಳ ಪೂರ್ವಜ್ಞಾನ ಪರೀಕ್ಷಿಸುವ ನಾವು, ತಂತ್ರಾಂಶ ಹಾಕುವ ಮೊದಲು ಯಂತ್ರದ ಶಕ್ತಿಯನ್ನೂ ನೋಡಬೇಕು. ನಾವು ತಯಾರಿಸಿದ್ದು ಕೊನೆಗೆ ಓಡಬೇಕಾದದ್ದು ಶಾಲೆಯಲ್ಲಿ. ಆದ್ದರಿಂದ ಪಾಠಯೋಜನೆಯ ಬೋಧನೋಪಕರಣದ ಅಂಕಣದಲ್ಲಿ ಬರೀ ‘ಆನಿಮೇಷನ್’ ಎನ್ನದೆ, ಕಡತದ ನಮೂನೆಯನ್ನೂ ಶಾಲೆಯ ಯಂತ್ರದಲ್ಲಿ ಪರೀಕ್ಷಿಸಿದ ದಿನಾಂಕವನ್ನೂ ಬರೆಯುವ ರೂಢಿ ಮಾಡಿಕೊಂಡಿದ್ದೇನೆ.